11 ಪೆನ್ಸಿನ ಕುರಿ: ಎಲಿಜಬೆತ್ ಕಾಲದ ಹಳ್ಳಿಯಲ್ಲಿ ನ್ಯಾಯ ನಡೆದ ಬಗೆ

ಒಂದನೇ ಎಲಿಜಬೆತ್ ರಾಣಿಯ ಕಾಲದ (1558–1603) ಇಂಗ್ಲೆಂಡಿನ ಹಳ್ಳಿಯಲ್ಲಿ ಕುರಿ ಕಳವಾದರೆ ದೂರು ಕೊಡಲು ಠಾಣೆಯಿರಲಿಲ್ಲ. ಕಳೆದುಕೊಂಡವನು ಹೋಗುತ್ತಿದ್ದುದು ಊರಿನ ಕಾನ್‌ಸ್ಟೆಬಲ್ ಮನೆಗೆ. ಈ ಕಾನ್‌ಸ್ಟೆಬಲ್ ಬೇಸಾಯವನ್ನೋ ಕಸುಬನ್ನೋ ನಂಬಿ ಬದುಕುವ ಅದೇ ಊರಿನ ಗೃಹಸ್ಥ. ಕೋರ್ಟ್ ಲೀಟ್ ಎಂಬ ಜಮೀನುದಾರಿ ನ್ಯಾಯಸಭೆ ಆರಿಸಿಯೋ, ಮನೆ ಸರದಿಯ ಪ್ರಕಾರವೋ ಒಂದು ವರ್ಷದ ಮಟ್ಟಿಗೆ ಈ ಹೊಣೆ ಅವನ ಹೆಗಲಿಗೆ ಬೀಳುತ್ತಿತ್ತು. ಸಂಬಳವಿಲ್ಲ, ಕೈಯಿಂದ ಹಾಕಿದ ಖರ್ಚನ್ನು ಆಮೇಲೆ ಊರವರಿಂದ ವಸೂಲು ಮಾಡಿಕೊಳ್ಳಬೇಕು. ಒಲ್ಲೆ ಎಂದರೆ ದಂಡ. ಕಾಸುಳ್ಳವರು ಬದಲಿ ಆಳನ್ನು ಗೊತ್ತುಮಾಡುತ್ತಿದ್ದರು. ರಾತ್ರಿ ಕಾವಲು ಹಾಕಿಸುವುದು, ತೆರಿಗೆ ಎತ್ತುವುದು, ಸೈನ್ಯಕ್ಕೆ ಆಳು ಕಳಿಸುವುದು, ಅಲೆಮಾರಿಗಳಿಗೆ ಛಡಿಯೇಟು ಕೊಟ್ಟು ಹುಟ್ಟೂರಿಗೆ ಸಾಗಹಾಕುವುದು, ಕೈದಿಯನ್ನು ಜೈಲಿಗೆ ಮುಟ್ಟಿಸುವುದು, ಇದೆಲ್ಲ ಅವನದೇ. ವರ್ಷ ಕಳೆದ ಮೇಲೆ ಅದೇ ಜನರ ನಡುವೆ ಬಾಳಬೇಕಾದವನು ಎಲ್ಲ ತಪ್ಪನ್ನೂ ಬರೆದು ಮೇಲಕ್ಕೆ ಕಳಿಸುವುದುಂಟೇ? ಕಡತದಲ್ಲಿ ಅಪರಾಧ ಕಡಿಮೆ ಕಂಡ ಊರು ಸಾಧುಗಳ ಊರೆಂದು ತಿಳಿಯಬಾರದು.

ಕಳ್ಳ ಓಡುತ್ತಿದ್ದರೆ ಹ್ಯೂ ಅಂಡ್ ಕ್ರೈ, ಅಂದರೆ ಕೂಗೆಬ್ಬಿಸಿ ಬೆನ್ನಟ್ಟುವ ಪದ್ಧತಿ. ಒಂದು ಊರಿನ ಕಾನ್‌ಸ್ಟೆಬಲ್ ಮುಂದಿನ ಊರಿನವನಿಗೆ ಸುದ್ದಿ ಮುಟ್ಟಿಸಬೇಕು, ಅವನು ಅದರಾಚೆಯವನಿಗೆ. 1285ರ ವಿಂಚೆಸ್ಟರ್ ಶಾಸನದ ಪ್ರಕಾರ ದರೋಡೆಕೋರ ಸಿಗದಿದ್ದರೆ ಹಂಡ್ರೆಡ್, ಅಂದರೆ ಹಲವು ಹಳ್ಳಿ ಸೇರಿದ ಹೋಬಳಿಯಂಥ ವಿಭಾಗ, ನಷ್ಟ ತುಂಬಿಕೊಡಬೇಕಿತ್ತು. ಇದರಲ್ಲಿ ತೂತುಗಳಿದ್ದವು. ದರೋಡೆ ನಡೆದ ಹಂಡ್ರೆಡ್ಡಿನವರು ಪೂರ್ತಿ ಹಣ ಕಟ್ಟಿದರೆ ಪಕ್ಕದವರು ಕೈಕಟ್ಟಿ ಕೂರುತ್ತಿದ್ದರು. 1585ರ ಕಾಯ್ದೆ ಇದನ್ನು ಬಿಗಿಗೊಳಿಸಿತು: ಬೆನ್ನಟ್ಟಲು ಉದಾಸೀನ ಮಾಡಿದ ಹಂಡ್ರೆಡ್ ಅರ್ಧ ಭರಿಸಬೇಕು, ಕಾಲಾಳು, ಕುದುರೆ ಸವಾರರು ಇಬ್ಬರೂ ಹೊರಟರೆ ಮಾತ್ರ ಅದು ಕಾನೂನುಬದ್ಧ ಬೆನ್ನಟ್ಟುವಿಕೆ, ದೋಚಿಸಿಕೊಂಡವನು ಕೂಡಲೇ ಹತ್ತಿರದ ಊರಿಗೆ ತಿಳಿಸಬೇಕು, ದಾವೆ ಹೂಡುವ ಮುಂಚಿನ 20 ದಿನಗಳೊಳಗೆ ಜಸ್ಟೀಸ್ ಆಫ್ ದಿ ಪೀಸ್ ಎಂಬ ಸ್ಥಳೀಯ ನ್ಯಾಯಾಧಿಕಾರಿಯ ಮುಂದೆ ನಿಂತು, ದರೋಡೆಕೋರರ ಗುರುತು ತನಗಿದೆಯೋ ಇಲ್ಲವೋ ಎಂದು ಪ್ರಮಾಣ ಮಾಡಬೇಕು. ದುಡ್ಡಿಗಾಗಿ ಸುಳ್ಳು ದರೋಡೆ ಹೇಳುವವರಿಗೆ ಹಾಕಿದ ತಡೆ ಇದು.

ಸಿಕ್ಕಿಬಿದ್ದವನನ್ನು ಜಸ್ಟೀಸ್ ಆಫ್ ದಿ ಪೀಸ್ ಎದುರು ತರುತ್ತಿದ್ದರು. ಈತ ಆ ಸೀಮೆಯ ಭೂಮಾಲೀಕ. ವಿಚಾರಣೆ ಹೆಚ್ಚಾಗಿ ನಡೆಯುತ್ತಿದ್ದುದು ಅವನ ಮನೆಯಲ್ಲೇ. 1555ರ ಕಾನೂನಿನ ಪ್ರಕಾರ ಆರೋಪಿಯ ಮತ್ತು ಅವನನ್ನು ಹಿಡಿದು ತಂದವರ ಹೇಳಿಕೆಯನ್ನು 2 ದಿನದೊಳಗೆ ಬರಹಕ್ಕಿಳಿಸಬೇಕು. ಆರೋಪಿಗೆ ಪ್ರಮಾಣವಚನವಿಲ್ಲ. ಫೆಲನಿ, ಅಂದರೆ ಗಂಭೀರ ಅಪರಾಧದ ಆರೋಪದಲ್ಲಿ ಜಾಮೀನು ಕೊಡಲು ಒಬ್ಬ ಜಸ್ಟೀಸ್ ಸಾಲದು, ಇಬ್ಬರು ಕೂಡಿ ಕೊಡಬೇಕು. ಸಾಕ್ಷಿಗಳಿಂದಲೂ ಕಳೆದುಕೊಂಡವನಿಂದಲೂ ಕೋರ್ಟಿಗೆ ಬರುತ್ತೇವೆಂದು ಮುಚ್ಚಳಿಕೆ ಬರೆಸಿಕೊಳ್ಳುತ್ತಿದ್ದರು.

ನನ್ನ ಮಟ್ಟಿಗೆ ಆ ವ್ಯವಸ್ಥೆಯ ನಿಜವಾದ ಬಲವಿದ್ದದ್ದು ನೇಣುಗಂಬದಲ್ಲಲ್ಲ, ಈ ಮುಚ್ಚಳಿಕೆಯಲ್ಲಿ. ಬೈದಾಡಿದವನು, ಹೆಂಡತಿಯನ್ನು ಹೊಡೆದವನು, ನೆರೆಯವನಿಗೆ ಬೆದರಿಕೆ ಹಾಕಿದವನು, ಎಲ್ಲರನ್ನೂ ಜಸ್ಟೀಸ್ ಇದರಲ್ಲೇ ಕಟ್ಟಿಹಾಕುತ್ತಿದ್ದ. ಶಾಂತಿ ಮುರಿದರೆ 10 ಪೌಂಡ್ ಎಂದು ಬರೆಸಿಕೊಂಡರೆನ್ನಿ. ಪೌಂಡಿಗೆ 240 ಪೆನ್ಸ್. ದಿನಕ್ಕೆ 8 ಪೆನ್ಸ್ ದುಡಿಯುವ ಕೂಲಿಯವನಿಗೆ ಅದು 300 ದಿನದ ದುಡಿಮೆ. ಜತೆಗೆ ಜಾಮೀನುದಾರರಿಬ್ಬರು. ತಮ್ಮ ಹಣ ಮುಳುಗಬಾರದೆಂದು ಅವರೇ ಆತನ ಮೇಲೆ ಕಣ್ಣಿಡುತ್ತಿದ್ದರು; ಬೇರೆ ಪಹರೆ ಬೇಕಿರಲಿಲ್ಲ. ಶಾಂತಿ ಕಾಪಾಡಲು ನಮ್ಮ ತಾಲ್ಲೂಕು ಮ್ಯಾಜಿಸ್ಟ್ರೇಟರು ಹಳೆಯ ಸಿಆರ್‌ಪಿಸಿ 107ನೇ ಕಲಮಿನಡಿ ಬರೆಸಿಕೊಳ್ಳುತ್ತಿದ್ದ ಮುಚ್ಚಳಿಕೆಯ ಬೇರು ಈ ಇಂಗ್ಲಿಷ್ ಪದ್ಧತಿಯಲ್ಲೇ ಇದೆ.

ಸಣ್ಣಪುಟ್ಟ ವ್ಯಾಜ್ಯಗಳು ವರ್ಷಕ್ಕೆ 4 ಸಲ ಸೇರುವ, ಜಸ್ಟೀಸರದೇ ಕೋರ್ಟಾದ ಕ್ವಾರ್ಟರ್ ಸೆಷನ್ಸ್‌ಗೆ, ಜೀವಕ್ಕೆ ಸಂಚಕಾರ ತರುವಂಥವು ಸಾಮಾನ್ಯವಾಗಿ ವರ್ಷಕ್ಕೆ 2 ಸಲ ಸವಾರಿ ಬರುವ ಅಸೈಜ್ ನ್ಯಾಯಾಧೀಶರ ಮುಂದೆ. ಅಲ್ಲಿಯವರೆಗೆ ತಿಂಗಳುಗಟ್ಟಲೆ ಜೈಲು, ಊಟ ಸ್ವಂತ ಖರ್ಚಿನದು. ಜೈಲು ಜ್ವರ ಕೋರ್ಟಿಗೂ ಹಬ್ಬುತ್ತಿತ್ತು: 1577ರಲ್ಲಿ ಆಕ್ಸ್‌ಫರ್ಡ್ ಅಸೈಜಿನಲ್ಲಿ ನ್ಯಾಯಾಧೀಶ ಸರ್ ರಾಬರ್ಟ್ ಬೆಲ್ ಸೇರಿ ನೂರಾರು ಮಂದಿ ಸತ್ತರು.

ವಿಚಾರಣೆ ಮುಗಿಯಲು ಅರ್ಧ ಗಂಟೆಯೂ ಬೇಕಿರಲಿಲ್ಲ. ಫೆಲನಿ ಆರೋಪಿಗೆ ವಕೀಲರನ್ನಿಡುವ ಹಕ್ಕಿಲ್ಲ. ಕದ್ದ ಮಾಲಿನ ಬೆಲೆ 12 ಪೆನ್ಸ್ ಮೀರಿದರೆ ಮರಣದಂಡನೆ, ಮೀರದಿದ್ದರೆ ಛಡಿಯೇಟು. ಕುರಿಯ ಪೇಟೆ ಬೆಲೆ ಅದಕ್ಕಿಂತ ಎಷ್ಟೋ ಹೆಚ್ಚು. ಹಾಗಾಗಿಯೇ 12 ಮಂದಿಯ ಜೂರಿ ಆಗಾಗ ಕುರಿಗೆ 10 ಅಥವಾ 11 ಪೆನ್ಸ್ ಬೆಲೆ ಕಟ್ಟುತ್ತಿತ್ತು. ಅದು ಲೆಕ್ಕದ ತಪ್ಪಲ್ಲ, ಬೇಕೆಂದೇ ತೋರಿದ ದಯೆ. ಇನ್ನೊಂದು ದಾರಿ ಬೆನಿಫಿಟ್ ಆಫ್ ಕ್ಲರ್ಜಿ, ಅಂದರೆ ಮೂಲದಲ್ಲಿ ಪಾದ್ರಿಗಳಿಗಿದ್ದ ರಿಯಾಯಿತಿ: ಬೈಬಲಿನ ವಾಕ್ಯ, ರೂಢಿಯಲ್ಲಿ 51ನೇ ಕೀರ್ತನೆಯ ಮೊದಲ ವಚನ, ಓದಿದ ಗಂಡಸಿಗೆ ಮೊದಲ ಸಲ ಹೆಬ್ಬೆರಳಿಗೆ ಬರೆ ಹಾಕಿ ಬಿಡುತ್ತಿದ್ದರು. ಕುದುರೆ ಕದ್ದವನಿಗೆ ಈ ರಿಯಾಯಿತಿ ಇರಲಿಲ್ಲ. 1576ರಿಂದ ಕನ್ನ ಹಾಕಿದವನಿಗೂ ಇಲ್ಲ. ಹೆಂಗಸರಿಗಂತೂ ಆ ಬಾಗಿಲೇ ಮುಚ್ಚಿತ್ತು. ಗರ್ಭಿಣಿಯೆಂದು ತೋರಿಸಿಕೊಂಡರೆ ಶಿಕ್ಷೆ ಮುಂದಕ್ಕೆ ಹೋಗುತ್ತಿತ್ತು, ಅಷ್ಟೇ.

ಈ ಕಡತಗಳನ್ನು ಓದಲು ಹೊರಟವರಿಗೆ ಎಚ್ಚರಿಕೆಯ ಮಾತು. ಲ್ಯಾಟಿನ್‌ನಲ್ಲಿ ಬರೆದ ದೋಷಾರೋಪ ಪತ್ರದಲ್ಲಿ ಆರೋಪಿಯ ಕಸುಬು 'ಕೂಲಿ' ಎಂದೂ, ವಾಸಸ್ಥಳ ಕಳವು ನಡೆದ ಊರೇ ಎಂದೂ ಇರುತ್ತದೆ. ಎರಡನ್ನೂ ನಂಬಬೇಡಿ, ಕಾನೂನಿನ ನಮೂನೆ ತುಂಬಲು ಗುಮಾಸ್ತರು ಹಾಗೆ ಬರೆಯುತ್ತಿದ್ದರು. ಹೆಸರಿನ ಮೇಲಿನ ಮೊಟಕು ಬರಹವನ್ನು ಹೀಗೆ ಓದಿಕೊಳ್ಳಿ: 'ಪೊ ಸೆ' ಅಂದರೆ ತಪ್ಪೊಪ್ಪದೆ ಜೂರಿಯ ವಿಚಾರಣೆಗೆ ಒಪ್ಪಿದ, 'ಕುಲ್' ಅಂದರೆ ತಪ್ಪಿತಸ್ಥ, 'ಸುಸ್' ಅಂದರೆ ನೇಣು. ಸಾಲುಸಾಲು ಹೆಸರುಗಳ ಮುಂದೆ 'ಕ ನುಲ್' ಎಂದಿರುತ್ತದೆ, ಆಸ್ತಿ ಏನೂ ಇಲ್ಲ ಎಂದು. ಫೆಲನಿ ಸಾಬೀತಾದವನ ಚರಾಸ್ತಿ ಮುಟ್ಟುಗೋಲಾಗಿ ಅರಸೊತ್ತಿಗೆಗೋ, ಆ ಹಕ್ಕು ಪಡೆದ ಜಮೀನುದಾರನಿಗೋ ಸೇರುತ್ತಿತ್ತು. ಅವನಿಗೆ ಏನಿದೆ ಎಂದು ಹೇಳಬೇಕಾದವರು ಜೂರಿಯವರೇ. ಅವನಲ್ಲಿ ಹಸುವೋ ಪಾತ್ರೆ ಪಡಗವೋ ಇತ್ತೇ ಎಂಬುದನ್ನು ಆ ಎರಡಕ್ಷರದಿಂದ ತೀರ್ಮಾನಿಸಲು ಬರುವುದಿಲ್ಲ.