ಆಕಾಶದಲ್ಲಿ ಅದೇ ಚುಕ್ಕೆ: ದೂಳು ಕುಳಿತಿರುವುದು ಎಲ್ಲಿ?

ಪ್ರಶ್ನೆ: ನಂದಿ ಬೆಟ್ಟಕ್ಕೆ ಹೋಗಿ ಸೂರ್ಯೋದಯದ ಫೋಟೋ ತೆಗೆದೆ. ಎಲ್ಲದರಲ್ಲೂ ಆಕಾಶದ ಬಲಮೂಲೆಯಲ್ಲಿ, ಒಂದೇ ಜಾಗದಲ್ಲಿ, ಬೂದು ಬಣ್ಣದ ಚುಕ್ಕೆಯೊಂದು ಕಾಣುತ್ತದೆ. ಲೆನ್ಸನ್ನು ನಾಲ್ಕು ಬಾರಿ ಒರೆಸಿದರೂ ಹೋಗಲಿಲ್ಲ. ಆದರೆ ಮನೆಯಲ್ಲಿ ಮಗಳ ಹುಟ್ಟುಹಬ್ಬಕ್ಕೆ ಅದೇ ಕ್ಯಾಮೆರಾದಲ್ಲಿ ತೆಗೆದ ಫೋಟೋಗಳಲ್ಲಿ ಆ ಚುಕ್ಕೆ ಇಲ್ಲವೇ ಇಲ್ಲ. ಲೆನ್ಸ್ ಹಾಳಾಗಿದೆಯೇ? ನಾನೇ ಸ್ವಚ್ಛ ಮಾಡಬಹುದೇ?
– ಓದುಗರೊಬ್ಬರು, ಬನಶಂಕರಿ

ಉತ್ತರ: ಮೊದಲು ಆ ಒರೆಸುವ ಬಟ್ಟೆಯನ್ನು ಕೆಳಗಿಡಿ. ನಿಮ್ಮ ಲೆನ್ಸಿಗೆ ಏನೂ ಆಗಿಲ್ಲ. ದೂಳಿನ ಕಣ ಕುಳಿತಿರುವುದು ಅದರ ಹಿಂದೆ, ಕ್ಯಾಮೆರಾದೊಳಗೆ ಚಿತ್ರ ಮೂಡುವ ಫಲಕವಾದ ಸೆನ್ಸರಿನ ಮೇಲೆ. ಹಿತ್ತಲಲ್ಲಿ ಕಸ ಬಿದ್ದಿರುವಾಗ ಮುಂಬಾಗಿಲನ್ನು ಎಷ್ಟು ಸಲ ತೊಳೆದರೇನು? ಬೆಟ್ಟದಲ್ಲಿ ಕಂಡದ್ದು ಮನೆಯಲ್ಲಿ ಏಕೆ ಕಾಣಲಿಲ್ಲ ಎಂಬ ನಿಮ್ಮ ಸೋಜಿಗದಲ್ಲೇ ಕಳ್ಳನ ಗುರುತು ಇದೆ.

ಎಫ್ ಅಂಕಿ ಎಂದರೆ ಲೆನ್ಸಿನೊಳಗೆ ಬೆಳಕು ಬರುವ ಕಂಡಿಯ ಅಳತೆ; ಅಂಕಿ ದೊಡ್ಡದಾದಷ್ಟೂ ಕಂಡಿ ಕಿರಿದು. ಬೆಟ್ಟದ ಮೇಲೆ ನೀವು ಬಹುಶಃ ಎಫ್ 11 ಅಥವಾ ಎಫ್ 16ರಲ್ಲಿ ತೆಗೆದಿರುತ್ತೀರಿ. ಮನೆಯ ಮಂದ ಬೆಳಕಿಗೆ ಎಫ್ 2.8ರ ಆಸುಪಾಸಿಗೆ ಬಂದಿರುತ್ತೀರಿ. ಕರೆಂಟ್ ಹೋದಾಗ ಮೇಣದಬತ್ತಿಯ ಮುಂದೆ ಬೆರಳು ಜೋಡಿಸಿ ಗೋಡೆಯ ಮೇಲೆ ಜಿಂಕೆ ಮಾಡುತ್ತಿದ್ದೆವಲ್ಲ, ಅದೇ ಜಿಂಕೆಯನ್ನು ಟ್ಯೂಬ್‌ಲೈಟಿನ ಕೆಳಗೆ ಮಾಡಿ ನೋಡಿ. ಕೊಂಬೂ ಇಲ್ಲ, ಕಿವಿಯೂ ಇಲ್ಲ, ಬರೀ ಮಬ್ಬು. ಬೆಳಕು ಬರುವ ಕಂಡಿ ಕಿರಿದಾದಷ್ಟೂ ನೆರಳು ಗಟ್ಟಿಯಾಗುತ್ತದೆ.

ಸೆನ್ಸರಿನ ಮುಂದೆ ತೆಳುವಾದ ಗಾಜಿನ ಫಿಲ್ಟರ್ ಇರುತ್ತದೆ. ದೂಳು ಕೂರುವುದು ಅದರ ಮೇಲೆ, ಬೆಳಕು ಹಿಡಿಯುವ ಪುಟ್ಟ ಬಿಂದುಗಳಾದ ಪಿಕ್ಸೆಲ್‌ಗಳ ಮೇಲಲ್ಲ. ಆ ಅಂತರ ಒಂದು ಮಿ.ಮೀ. ಎಂದುಕೊಂಡು ಸುಮಾರು ಲೆಕ್ಕ ಹಾಕೋಣ. ಎಫ್ 16ರಲ್ಲಿ ಒಂದು ಪಿಕ್ಸೆಲ್ಲಿಗೆ ಹೋಗುವ ಬೆಳಕಿನ ಕಂತೆ, ದೂಳು ಕುಳಿತ ಮಟ್ಟದಲ್ಲಿ 0.06 ಮಿ.ಮೀ. ಅಗಲವಿರುತ್ತದೆ. ಅಷ್ಟೇ ಗಾತ್ರದ ಕಣ ಅಡ್ಡ ಕುಳಿತರೆ ದಾರಿಯೇ ಬಂದ್. ಎಫ್ 2.8ರಲ್ಲಿ ಆ ಕಂತೆಯ ಅಗಲ ಸುಮಾರು 0.36 ಮಿ.ಮೀ.; ಅದೇ ಕಣ ಈಗ ಶೇ 3ರಷ್ಟು ಬೆಳಕನ್ನು ಮಾತ್ರ ತಡೆಯುತ್ತದೆ. ಹುಟ್ಟುಹಬ್ಬದ ಫೋಟೋಗಳಲ್ಲೂ ಕಣ ಇದ್ದೇ ಇತ್ತು, ಅದರ ನೆರಳು ಹರಡಿ ಕರಗಿಹೋಗಿತ್ತು.

ಲೆನ್ಸಿನ ಮುಂಗಾಜಿನ ಮೇಲಿನ ದೂಳಿನದು ಬೇರೆಯೇ ಕಥೆ. ಅದು ಫೋಕಸ್‌ನಿಂದ ಎಷ್ಟು ಹೊರಗಿರುತ್ತದೆ ಎಂದರೆ, ಹತ್ತಾರು ಕಣಗಳಿದ್ದರೂ ಚಿತ್ರದಲ್ಲಿ ಒಂದೂ ಕಾಣದು. ತೀರಾ ಅಗಲ ಕೋನದ ಲೆನ್ಸನ್ನು ಎಫ್ 22ಕ್ಕೆ ಒಯ್ದು ಸೂರ್ಯನಿಗೆ ಎದುರು ಹಿಡಿದರೆ ಮಾತು ಬೇರೆ. ಬೆರಳಚ್ಚು, ಎಣ್ಣೆಜಿಡ್ಡು ಇದ್ದರೆ ಎದುರು ಬಿಸಿಲಿನಲ್ಲಿ ಚಿತ್ರವೆಲ್ಲ ಮಬ್ಬಾಗುತ್ತದೆ, ಅದನ್ನು ಒರೆಸಲೇಬೇಕು. ಆದರೆ ಬರಿಯ ದೂಳನ್ನು ಅಂಗಿಯ ಚುಂಗಿನಿಂದ ತಿಕ್ಕುವುದು ಗಾಜಿಗೆ ಮರಳು ಉಜ್ಜಿದ ಹಾಗೆ. ನಾನು ಕಂಡ ಗೀರುಬಿದ್ದ ಲೆನ್ಸ್‌ಗಳೆಲ್ಲ ತೀರ ಅಚ್ಚುಕಟ್ಟಿನ ಜನರವು.

ಅನುಮಾನವಿದ್ದರೆ ಪರೀಕ್ಷೆ ಸುಲಭ. ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 100, ಎಫ್ 16 ಅಥವಾ 22 ಇಟ್ಟುಕೊಳ್ಳಿ. ಫೋಕಸನ್ನು ಕೈಯಿಂದ ಅನಂತಕ್ಕೆ ತಿರುಗಿಸಿ, ಬಿಳಿ ಗೋಡೆಯ ಹತ್ತಿರ ಹೋಗಿ, ಕ್ಯಾಮೆರಾವನ್ನು ಬೇಕೆಂದೇ ಅಲುಗಾಡಿಸುತ್ತ ಕ್ಲಿಕ್ ಮಾಡಿ. ಗೋಡೆಯ ಬಿರುಕು, ಸುಣ್ಣದ ಗಂಟುಗಳೆಲ್ಲ ಕದಡಿಹೋಗುತ್ತವೆ. ದೂಳು ಸೆನ್ಸರಿನ ಜೊತೆಗೇ ಅಲುಗುವುದರಿಂದ ನಿಂತಲ್ಲೇ ನಿಂತಿರುತ್ತದೆ. ಚಿತ್ರ ಸೆನ್ಸರಿನ ಮೇಲೆ ತಲೆಕೆಳಗಾಗಿ ಬೀಳುತ್ತದೆ ಎಂಬುದು ನೆನಪಿರಲಿ. ಫೋಟೋದಲ್ಲಿ ಮೇಲಿನ ಬಲಮೂಲೆಯಲ್ಲಿರುವ ನಿಮ್ಮ ಚುಕ್ಕೆಯನ್ನು, ಲೆನ್ಸ್ ಬಿಚ್ಚಿ ಕ್ಯಾಮೆರಾದ ಮುಖಕ್ಕೆ ಮುಖ ಕೊಟ್ಟು ನೋಡುವಾಗ, ಕೆಳಗಿನ ಬಲಮೂಲೆಯಲ್ಲಿ ಹುಡುಕಬೇಕು.

ಸ್ವಚ್ಛತೆ ರಬ್ಬರಿನ ಬ್ಲೋವರ್‌ನಿಂದ ಶುರುವಾಗಲಿ. ಫ್ಯಾನ್ ಆರಿಸಿ, ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ. ಮೆನುವಿನಲ್ಲಿ ಸೆನ್ಸರ್ ಸ್ವಚ್ಛತೆಯ ಆಯ್ಕೆ ಇರುತ್ತದೆ. ಸೆನ್ಸರಿನ ಮುಂದೆ ಕನ್ನಡಿ ಇರುವ ಡಿಎಸ್‌ಎಲ್‌ಆರ್ ಕ್ಯಾಮೆರಾ ಆದರೆ, ಅದನ್ನು ಒತ್ತಿದಾಗ ಕನ್ನಡಿ ಮೇಲೆದ್ದು ನಿಲ್ಲುತ್ತದೆ. ನಡುವೆ ಬ್ಯಾಟರಿ ಕೈಕೊಟ್ಟರೆ ಕನ್ನಡಿ, ಶಟರ್ ಎರಡೂ ವಾಪಸ್ ಬೀಳುತ್ತವೆ, ಅದಕ್ಕೇ ಚಾರ್ಜ್ ಎಂದದ್ದು. ಕ್ಯಾಮೆರಾದ ಬಾಯಿಯನ್ನು ನೆಲಕ್ಕೆ ಮಾಡಿ ಹಿಡಿದು, ಕೆಳಗಿನಿಂದ ಏಳೆಂಟು ಸಲ ಗಾಳಿ ಹೊಡೆಯಿರಿ. ಬ್ಲೋವರ್‌ನ ಮೂತಿ ಒಳಗೆ ತಾಗಬಾರದು. ಮೊದಲ ಒತ್ತನ್ನು ಬೇರೆಡೆಗೆ ಹೊಡೆಯಿರಿ, ಬ್ಲೋವರಿನೊಳಗೂ ದೂಳಿರುತ್ತದೆ. ಡಬ್ಬಿಯಲ್ಲಿ ಬರುವ ಒತ್ತಡದ ಗಾಳಿ ಬೇಡ. ಒಳಗಿನ ದ್ರವ ಚಿಮ್ಮಿ ಕಲೆ ಮಾಡುತ್ತದೆ.

ಬಾಯಿಂದ ಊದುವುದಂತೂ ಬೇಡವೇ ಬೇಡ. ಇದು ನನ್ನ ಸ್ವಂತ ಅನುಭವ. ಕಡಲೆಕಾಯಿ ಪರಿಷೆಯ ದಿನ, ಬಸವನಗುಡಿಯಲ್ಲಿ, ಕಡಲೆಕಾಯಿ ಹುರಿಯುವ ಬಾಣಲೆಯ ಪಕ್ಕದಲ್ಲೇ ನಿಂತು ಲೆನ್ಸ್ ಬದಲಿಸಿದ ಮಹಾನುಭಾವ ನಾನು. ಸುತ್ತಲೂ ಸಿಪ್ಪೆಯ ಹೊಟ್ಟು ಹಾರುತ್ತಿತ್ತು. ರಾತ್ರಿ ನೋಡಿದರೆ ಪ್ರತಿ ಚಿತ್ರದ ಆಕಾಶದಲ್ಲೂ ಕೂದಲೆಳೆಯಂಥ ಒಂದು ಕೊಕ್ಕೆ. ಲೆನ್ಸ್ ಬಿಚ್ಚಿ ಬಾಯಿಂದ ಫೂ ಎಂದೆ. ಕೊಕ್ಕೆ ಹೋಯಿತು, ಅದರ ಜಾಗದಲ್ಲಿ ನಾಲ್ಕು ದುಂಡನೆಯ ಉಂಗುರಗಳು ಬಂದವು. ರಿಪೇರಿಯವರು ದೀಪವಿರುವ ಭೂತಗನ್ನಡಿ ಇಟ್ಟು ನೋಡಿದವರೇ, ತಲೆಯನ್ನೂ ಎತ್ತದೆ, ‘ಊದಿದಿರಾ?’ ಎಂದರು.

ಒಣಗಿದ ಎಂಜಲು, ಪರಾಗ, ಎಣ್ಣೆಯಂಥವು ಗಾಳಿಗೆ ಬಗ್ಗುವುದಿಲ್ಲ. ಫೆಬ್ರುವರಿ–ಮಾರ್ಚ್‌ನಲ್ಲಿ ಊರ ತುಂಬ ಗುಲಾಬಿ ಟಬೆಬುಯಾ ಅರಳಿದಾಗ, ಅದರ ಕೆಳಗೆ ಲೆನ್ಸ್ ಬಿಚ್ಚದಿರುವುದು ಒಳ್ಳೆಯದು. ಗಾಜನ್ನು ಅದುರಿಸಿ ದೂಳು ಕೊಡವುವ ವ್ಯವಸ್ಥೆ 2003ರ ಒಲಿಂಪಸ್ ಇ-1ರಲ್ಲೇ ಬಂದಿತ್ತು, ಈಗ ಅನೇಕ ಕ್ಯಾಮೆರಾಗಳಲ್ಲಿದೆ. ಒಣ ದೂಳಿಗೆ ಸರಿ, ಅಂಟಿಗೆ ಅದೂ ಸಾಲದು. ಆಗ ಬೇಕಾದದ್ದು ಸ್ವಾಬ್, ಅಂದರೆ ತುದಿಗೆ ಮೆತ್ತನೆಯ ಬಟ್ಟೆ ಸುತ್ತಿದ ಒರೆಸುವ ಕಡ್ಡಿ: ಚಿಕ್ಕ ಅಳತೆಯ ಎಪಿಎಸ್-ಸಿ ಸೆನ್ಸರಿಗೆ 16 ಮಿ.ಮೀ., ದೊಡ್ಡ ಅಳತೆಯ ಫುಲ್‌ಫ್ರೇಮಿಗೆ 24 ಮಿ.ಮೀ. ಅಗಲದ್ದು. ಅದಕ್ಕೆಂದೇ ಮಾರುವ ದ್ರವದ ಎರಡು ಹನಿ ಹಾಕಿ, ಆ ತುದಿಯಿಂದ ಈ ತುದಿಗೆ ಒಂದೇ ಎಳೆತ. ಮಗ್ಗುಲು ತಿರುಗಿಸಿ ವಾಪಸ್ ಇನ್ನೊಂದು. ಆಮೇಲೆ ಸ್ವಾಬ್ ಕಸದ ಬುಟ್ಟಿಗೆ. ದುಬಾರಿಯೆಂದು ಅದನ್ನೇ ಮತ್ತೆ ಬಳಸಿದರೆ ಮೊದಲ ಎಳೆತದಲ್ಲಿ ಸಿಕ್ಕ ಮರಳಿನಿಂದಲೇ ಎರಡನೆಯ ಸಲ ಗೀರುತ್ತೀರಿ. ಕೈ ನಡುಗುವವರು ಈ ಕೆಲಸ ರಿಪೇರಿಯವರಿಗೆ ಬಿಡಿ, ನಾನು ಬಿಟ್ಟಿದ್ದೇನೆ.

ಮನೆಯಲ್ಲೂ ದೂಳಿಗೆ ದಾರಿಗಳಿವೆ. ಆಯುಧಪೂಜೆಯಂದು ಕ್ಯಾಮೆರಾಗೆ ಧಾರಾಳವಾಗಿ ಕುಂಕುಮ ಇಡಿ, ಆದರೆ ಮುಚ್ಚಳದ ಮೇಲೆ. ಲೆನ್ಸ್ ಕೂರುವ ಬಳೆಯ ಸಂದಿಗೆ ಬಿದ್ದ ಕುಂಕುಮ ಮುಂದಿನ ದಸರೆಯವರೆಗೂ ಉದುರುತ್ತಿರುತ್ತದೆ. ಮಳೆಗಾಲದ ತೇವಕ್ಕೆ ಹೆದರಿ ಅಕ್ಕಿ ಡಬ್ಬಿಯಲ್ಲಿ ಹೂತಿಡುವವರಿದ್ದಾರೆ, ಅಕ್ಕಿಯ ತೌಡೇ ಒಳ್ಳೆಯ ದೂಳು. ಬಿಗಿ ಮುಚ್ಚಳದ ಡಬ್ಬಿಗೆ ಸಿಲಿಕಾ ಜೆಲ್ ಹಾಕಿಟ್ಟರೆ ಬೂಸ್ಟು ಹತ್ತುವ ಭಯ ಕಡಿಮೆ.

ಇನ್ನು ನಿಮ್ಮ ನಂದಿಯ ಫೋಟೋಗಳು. ಚುಕ್ಕೆ ಎಲ್ಲದರಲ್ಲೂ ಒಂದೇ ಜಾಗದಲ್ಲಿದೆಯಲ್ಲ, ಅದೇ ಅನುಕೂಲ. ಒಂದು ಚಿತ್ರದಲ್ಲಿ ಕಲೆ ಅಳಿಸುವ ಸಾಧನದಿಂದ ತೆಗೆದು, ಆ ತಿದ್ದುಪಡಿಯನ್ನು ಉಳಿದವಕ್ಕೂ ಅನ್ವಯಿಸಿದರೆ ಆಯಿತು. ಹಕ್ಕಿಯೋ ರೆಂಬೆಯೋ ಆ ಜಾಗಕ್ಕೆ ಬಂದಿರುವ ಚಿತ್ರಗಳನ್ನು ಮಾತ್ರ ಒಂದೊಂದಾಗಿ ನೋಡಿಕೊಳ್ಳಿ.