ಕೂಲಿ ಕೊಟ್ಟರೆ ಸಾಕೇ? ಬಾಸೆಲ್ ಮಿಷನ್ ಬಿಟ್ಟುಹೋದ ಪ್ರಶ್ನೆ

ಕರಾವಳಿಯಲ್ಲಿ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಮಿಷನರಿ ಸಂಸ್ಥೆ) ಮಾತು ಬಂದರೆ ಜನ ಎರಡು ಪಾಲಾಗುತ್ತಾರೆ. ಹಂಚು, ಮಗ್ಗ, ಅಚ್ಚುಕೂಟ, ಶಾಲೆ ಎಲ್ಲ ಕೊಟ್ಟವರು ಅವರೇ ಅನ್ನುವವರು ಕೆಲವರು. ಕೆಲಸದ ಆಸೆ ತೋರಿಸಿ ಮತಾಂತರ ಮಾಡಿದರು ಅನ್ನುವವರು ಕೆಲವರು. ಕಾರ್ಖಾನೆ ಯಾಕೆ ಬೇಕಾಯಿತು ಅಂತ ಮಾತ್ರ ಯಾರೂ ಜಾಸ್ತಿ ಕೇಳುವುದಿಲ್ಲ.

ಬಡವರ ಹೊಣೆ ಕ್ರೈಸ್ತ ಸಭೆಗೆ, ಅಂದರೆ ಚರ್ಚಿಗೆ, ಹೊಸದೇನಲ್ಲ. ಜೆರುಸಲೇಮಿನ ಮೊದಲ ಸಭೆಯಲ್ಲೇ ವಿಧವೆಯರಿಗೆ ದಿನದ ಆಹಾರ ಹಂಚುವಾಗ ತಾರತಮ್ಯವಾಯಿತೆಂದು ಗೊಣಗಾಟ ಎದ್ದಿತ್ತು. ಅದಕ್ಕಾಗಿ ಏಳು ಮಂದಿಯನ್ನು ನೇಮಿಸಿದರು. ಆಮೇಲಿನ ಹದಿನೆಂಟು ಶತಮಾನ ದಾನಧರ್ಮ, ಮಠ, ಆಸ್ಪತ್ರೆಗಳಲ್ಲೇ ಕಳೆಯಿತು.

1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಬಾಸೆಲ್ ಮಿಷನ್‌ನ ಮೂವರು ಮಂಗಳೂರಿಗೆ ಬಂದಿಳಿದರು. ಮುಂದೆ ಇಲ್ಲಿ ಸಭೆ ಸೇರಿದವರಲ್ಲಿ ಬಿಲ್ಲವರು ಬಹಳ. ಅವರಲ್ಲಿ ಎಷ್ಟೋ ಮಂದಿಯ ಕಸುಬು ಮೂರ್ತೆ, ಅಂದರೆ ಮರದಿಂದ ಹೆಂಡ ಇಳಿಸುವುದು. ಅದು ಮಿಷನ್‌ಗೆ ಒಪ್ಪಿಗೆಯಿಲ್ಲ, ಭೂತಾರಾಧನೆಯಂತೂ ಇಲ್ಲವೇ ಇಲ್ಲ. ಕಸುಬು ಬಿಟ್ಟಾಯಿತು, ಕುಟುಂಬವೂ ದೂರವಾಯಿತು. ಒಕ್ಕಲು ಜಮೀನು ಉಳಿಯುವ ಭರವಸೆಯೂ ಇರಲಿಲ್ಲ. ಹೊಟ್ಟೆಗೇನು? ಬಿಡಿಸಿದವರೇ ದಾರಿ ತೋರಿಸಬೇಕಲ್ವಾ?

ಬೇಸಾಯದ ಪ್ರಯೋಗಗಳು ಅಷ್ಟಾಗಿ ಕೈಹಿಡಿಯಲಿಲ್ಲ. ನೇಯ್ಗೆ ಹಿಡಿಯಿತು. 1851ರಲ್ಲಿ ಬಂದ ಹಾಲರ್ ಮಗ್ಗದ ಕೆಲಸವನ್ನು ಬೆಳೆಸಿದರು. ಖಾಕಿ ಬಣ್ಣ ಹುಟ್ಟಿದ್ದು ಅಲ್ಲೇ ಅಂತ ಊರವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. 1865ರಲ್ಲಿ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನದಿ ದಡದ ಆವೆಮಣ್ಣು, ಸುಡಲು ಕಟ್ಟಿಗೆ, ಸಾಗಿಸಲು ದೋಣಿ ಎಲ್ಲ ಹತ್ತಿರದಲ್ಲೇ ಇತ್ತು. ಮುಳಿಹುಲ್ಲಿನ ಮಾಡಿಗೆ ಬೆಂಕಿ ಬೀಳುವ ಭಯವಿದ್ದ ಊರಲ್ಲಿ ಹಂಚು ಬೇಡ ಅನ್ನುವವರು ಯಾರು? ಮಲ್ಪೆ, ಕಲ್ಲಿಕೋಟೆವರೆಗೂ ಕಾರ್ಖಾನೆಗಳು ಎದ್ದವು.

ಬೋಧಿಸಲು ಬಂದವರು ಲೆಕ್ಕಪತ್ರದಲ್ಲಿ ಮುಳುಗಬೇಕೇ ಎಂಬ ತಕರಾರು ಮಿಷನ್ ಒಳಗೇ ಇತ್ತು. 1859ರಲ್ಲಿ ಬಾಸೆಲ್‌ನಲ್ಲಿ ವ್ಯಾಪಾರಕ್ಕೆಂದೇ ಪ್ರತ್ಯೇಕ ಕಂಪನಿ ಹುಟ್ಟಿತು. ಲಾಭದ ಪಾಲು ಮಿಷನ್ ಕೆಲಸಕ್ಕೆ ಹೋಗುತ್ತಿತ್ತು. ಒಳ್ಳೆಯದೇ. ಆದರೆ ನನಗೆ ಕಾಡುವುದು ಬೇರೆ. ಭಾನುವಾರ ಉಪದೇಶ ಮಾಡುವವರೂ ಶನಿವಾರ ಬಟವಾಡೆ ಮಾಡುವವರೂ ಒಂದೇ ಬಳಗ. ಸಭೆಯಲ್ಲಿ ಮುನಿಸಾದರೆ ಕೂಲಿಯಾಳು ಎಲ್ಲಿಗೆ ಹೋಗಬೇಕು? ಕೆಲಸ ಸಿಕ್ಕಿತು, ಮಾತಾಡುವ ಹಕ್ಕು ಸಿಗಲಿಲ್ಲ.

1914ರ ಯುದ್ಧ ಇದನ್ನು ಬಯಲು ಮಾಡಿತು. ಮಿಷನ್‌ನಲ್ಲಿದ್ದ ಜರ್ಮನ್ ಮಿಷನರಿಗಳನ್ನು ಬ್ರಿಟಿಷರು ಬಂಧನದಲ್ಲಿಟ್ಟರು. ಕಾರ್ಖಾನೆಗಳು ಸರ್ಕಾರದ ಕೈಸೇರಿ, 1919ರಲ್ಲಿ ಹುಟ್ಟಿದ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಗೆ ಹೋದವು. ಮಣ್ಣು ತುಳಿದವರು ಆ ವ್ಯವಹಾರದಲ್ಲಿ ಲೆಕ್ಕಕ್ಕೇ ಇರಲಿಲ್ಲ.

ಕಾರ್ಮಿಕರಿಗೆ ನ್ಯಾಯವಾದ ಕೂಲಿ, ಸಂಘ ಕಟ್ಟುವ ಹಕ್ಕು ಬೇಕೆಂದು ಪೋಪ್ 13ನೇ ಲಿಯೋ 1891ರಲ್ಲೇ ಬರೆದಿದ್ದರು. 1968ರಲ್ಲಿ ಲ್ಯಾಟಿನ್ ಅಮೆರಿಕದ ಬಿಷಪರು ಕೊಲಂಬಿಯಾದಲ್ಲಿ ಸೇರಿ, ಬಡತನ ಅನ್ಯಾಯದ ಫಲ ಎಂದರು. ಇಲ್ಲಿ ಮಾತು ತಿರುಗಿದ್ದು 1981ರಲ್ಲಿ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣವೊಂದು ದಲಿತ ದೇವತಾಶಾಸ್ತ್ರದ, ಅಂದರೆ ದಲಿತರ ಅನುಭವದಿಂದ ಕ್ರೈಸ್ತ ನಂಬಿಕೆಯನ್ನು ಓದುವ ಚಿಂತನೆಯ, ಚರ್ಚೆಗೆ ದಾರಿ ಮಾಡಿತು. ಸಭೆಯ ಒಳಗಿನ ಜಾತಿಯ ಮಾತು ಆಮೇಲೆ ಮುಚ್ಚಿಡಲಾಗಲಿಲ್ಲ.

ಹಂಚಿನ ಕಾಲ ಮುಗಿಯಿತು, ಕಾಂಕ್ರೀಟ್ ಬಂತು. ಸಭೆಗಳ ಕೈಯಲ್ಲಿ ಈಗ ಶಾಲೆ, ಆಸ್ಪತ್ರೆ, ಊರ ನಡುವಿನ ಜಾಗಗಳಿವೆ. ಅಲ್ಲಿ ಬಡವರ ಮಕ್ಕಳಿಗೆ ಎಷ್ಟು ಸೀಟು, ಆಯಾಗಳಿಗೆ ಎಷ್ಟು ಸಂಬಳ, ಜಾಗ ಮಾರುವಾಗ ಯಾರನ್ನು ಕೇಳಬೇಕು ಅನ್ನುವುದರ ಮೇಲೆ ಜಗಳ ನಡೆದಿದೆ.