ಓದುಗರ ಪ್ರಶ್ನೆ: ಅಪ್ಪ ಮನೇಲೇ ತೀರ್ಕೊಂಡ್ರೆ ಅವತ್ತೇ ಮಾಡ್ಬೇಕಾದ್ದು ಏನು, ಆಮೇಲೆ ಮಾಡಿದ್ರೂ ನಡೆಯೋದು ಏನು?

ಪ್ರಶ್ನೆ: ಅಪ್ಪಂಗೆ 76. ಹಾಸಿಗೆ ಹಿಡಿದು ತುಂಬಾ ದಿನ ಆಯ್ತು, ಡಾಕ್ಟ್ರು ಮನೇಲೇ ಇಟ್ಕೊಂಡು ನೋಡ್ಕೊಳ್ಳಿ ಅಂದಿದಾರೆ. ನಾವಿರೋದು ಬೆಂಗ್ಳೂರು, ಊರು ಮಂಡ್ಯ ಕಡೆ, ತಮ್ಮ ಅಮೆರಿಕದಲ್ಲಿದಾನೆ. ಈ ವಿಷಯ ಎತ್ತಿದ್ರೆ ಅಮ್ಮ ‘ಬಿಡ್ತು ಅನ್ನು’ ಅಂತಾರೆ. ಆ ದಿನ ಬಂದ್ರೆ ಮೊದ್ಲು ಯಾರಿಗೆ ಫೋನ್ ಮಾಡ್ಲಿ, ಏನೇನು ಮಾಡ್ಲಿ?

ಉತ್ತರ: ಇದನ್ನ ಮುಂಚೆ ಕೇಳಿದ್ದು ಒಳ್ಳೇದಾಯ್ತು, ಇದ್ರಲ್ಲಿ ಅಪಶಕುನ ಏನೂ ಇಲ್ಲ. ಅವತ್ತು ಮನೆ ತುಂಬ ಜನ ಇರ್ತಾರೆ, ಒಬ್ಬೊಬ್ರು ಒಂದೊಂದು ಹೇಳ್ತಾರೆ, ಅಳೋಕೂ ಬಿಡುವಿಲ್ದೆ ಮಗಳೋ ಮಗನೋ ಓಡಾಡ್ತಿರ್ತಾರೆ. ಅಂಥ ಹೊತ್ತಲ್ಲಿ ಆಗ್ಲೇಬೇಕಾದ ಕೆಲ್ಸ ಮೂರೇ. ಡಾಕ್ಟರ್ ಕೈಲಿ ಬರೆಸಿದ ಕಾಗ್ದ, ಕಣ್ಣು ದಾನ ಮಾಡೋದಿದ್ರೆ ಅದಕ್ಕೊಂದು ಫೋನು, ಆಮೇಲೆ ಮಣ್ಣೋ ಬೆಂಕಿಯೋ ಎಲ್ಲಿ ಅನ್ನೋ ತೀರ್ಮಾನ. ಬ್ಯಾಂಕು, ಇನ್ಶೂರೆನ್ಸು, ಜಮೀನಿನ ಖಾತೆ ಇವೆಲ್ಲ ತಿಥಿ ಮುಗಿದ್ಮೇಲೆ ನೋಡ್ಕೊಂಡ್ರೂ ಏನೂ ಮುಳುಗಿ ಹೋಗಲ್ಲ.

ಮೊದಲ ಫೋನು ಅಪ್ಪನ್ನ ಇಷ್ಟು ದಿನ ನೋಡ್ತಿರೋ ಡಾಕ್ಟ್ರಿಗೇ. ಮನೇಲಿ ಕಾಯಿಲೆಯಿಂದ ತೀರ್ಕೊಂಡ್ರೆ ಸಾವಿನ ಕಾರಣ ಬರೆಯೋಕೆ ಫಾರಂ 4ಎ ಅಂತ ಇದೆ (ಆಸ್ಪತ್ರೆಲಿ ಆದ್ರೆ ಫಾರಂ 4, ಅದನ್ನ ಅವರೇ ಮಾಡ್ತಾರೆ). ಕೊನೇ ಕಾಯಿಲೆಗೆ ಚಿಕಿತ್ಸೆ ಕೊಟ್ಟ ಡಾಕ್ಟ್ರು ಇದನ್ನ ಫೀಸ್ ಇಲ್ದೆ ಕೊಡ್ಬೇಕು ಅಂತ 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲೇ ಇದೆ. ಆದ್ರೆ ಗುರುತಿಲ್ದ ಡಾಕ್ಟ್ರು ಮಧ್ಯರಾತ್ರಿ ಗುರುತಿಲ್ದ ಮನೆಗೆ ಬಂದು ಸಹಿ ಹಾಕೋಕೆ ಹಿಂಜರೀತಾರೆ, ಅದು ಅವರ ತಪ್ಪೂ ಅಲ್ಲ. ಅದಕ್ಕೇ ಈ ವಾರದಲ್ಲೇ ನಿಮ್ಮ ಡಾಕ್ಟ್ರ ಹತ್ರ ಹೋಗಿ ‘ಸಾರ್, ರಾತ್ರಿ ಹೊತ್ತು ಹೀಗಾದ್ರೆ ಬರ್ತೀರಾ, ಇಲ್ಲಾಂದ್ರೆ ಯಾರನ್ನ ಕರೀಲಿ’ ಅಂತ ನೇರವಾಗೇ ಕೇಳಿಬಿಡಿ. ಹಳೇ ಪ್ರಿಸ್ಕ್ರಿಪ್ಷನ್ನು, ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ರಿಪೋರ್ಟು ಎಲ್ಲ ಒಂದೇ ಫೈಲಲ್ಲಿ ಹಾಕಿ ಬೀರು ಮೇಲೆ ಕೈಗೆ ಸಿಗೋ ಹಾಗೆ ಇಡಿ, ಅದನ್ನ ನೋಡಿದ್ರೆ ಬೇರೆ ಡಾಕ್ಟ್ರಿಗೂ ಬರೆಯೋ ಧೈರ್ಯ ಬರುತ್ತೆ.

ಇನ್ನು ಗಾಬರಿಯಲ್ಲಿ ಎಲ್ರೂ ಮಾಡೋ ಕೆಲ್ಸ ಅಂದ್ರೆ ಉಸಿರು ನಿಂತು ಹೊತ್ತಾಗಿದ್ರೂ ಕಾರಲ್ಲಿ ಹಾಕ್ಕೊಂಡು ದೊಡ್ಡ ಆಸ್ಪತ್ರೆಗೆ ಓಡೋದು. ಜೀವ ಇದೆಯೇನೋ ಅನ್ನೋ ಅನುಮಾನ ಒಂಚೂರಿದ್ರೂ ಓಡ್ಲೇಬೇಕು, 108ಕ್ಕೆ ಫೋನ್ ಮಾಡ್ಲೇಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಹೋಗಿದಾರೆ ಅಂತ ಖಚಿತ ಆದ್ಮೇಲೆ ಒಯ್ದ್ರೆ ಅಲ್ಲಿ ‘ಬ್ರಾಟ್ ಡೆಡ್’ (ತರೋ ಮುಂಚೆನೇ ತೀರ್ಕೊಂಡಿದ್ರು) ಅಂತ ಬರ್ಕೊಳ್ತಾರೆ, ಅವರಿಗೆ ರೋಗಿ ಹಿಂದುಮುಂದು ಗೊತ್ತಿರಲ್ಲ, ಪೊಲೀಸ್ ಇಂಟಿಮೇಷನ್ನು, ಕೆಲವೊಮ್ಮೆ ಪೋಸ್ಟ್‌ಮಾರ್ಟಂ ತನಕ ಹೋಗಬಹುದು. ಬಿದ್ದು ಪೆಟ್ಟಾಗಿ, ಕರೆಂಟ್ ಹೊಡೆದು, ಹಾವು ಕಚ್ಚಿ, ವಿಷ ಕುಡಿದು ಆದ ಸಾವಾದ್ರೆ ಮಾತ್ರ ಪೊಲೀಸರಿಗೆ ಹೇಳ್ಲೇಬೇಕು, ಮರ್ಯಾದೆ ಪ್ರಶ್ನೆ ಅಂತ ಮುಚ್ಚಿಟ್ಟು ಸುಟ್ಟುಬಿಡಬೇಡಿ. ಆಮೇಲೆ ಆಕ್ಸಿಡೆಂಟ್ ಇನ್ಶೂರೆನ್ಸಿಗಾಗ್ಲಿ ಸರ್ಕಾರದ ಪರಿಹಾರಕ್ಕಾಗ್ಲಿ ಮೊದ್ಲು ಕೇಳೋದೇ ಆ ರಿಪೋರ್ಟು.

ಕಣ್ಣಿನ ವಿಷಯ. ಇದಕ್ಕೆ ಟೈಮು ಇರೋದು 6 ಗಂಟೆ ಅಷ್ಟೇ, ಬೇಗ ಆದಷ್ಟೂ ಒಳ್ಳೇದು. ಐ ಬ್ಯಾಂಕಿಗೆ ಫೋನ್ ಮಾಡಿದ್ರೆ ಅವರೇ ಮನೆಗೆ ಬರ್ತಾರೆ, ಅರ್ಧ ಗಂಟೆಯೊಳಗೆ ಮುಗಿಯುತ್ತೆ, ಮುಖ ವಿಕಾರ ಆಗಲ್ಲ. ಅವರು ಬರೋ ತನಕ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ಫ್ಯಾನ್ ಆಫ್ ಮಾಡಿ, ತಲೆ ಕೆಳಗೆ ದಿಂಬಿಡಿ. ಶುಗರ್ ಇದ್ದವರು, ಕನ್ನಡಕ ಹಾಕ್ತಿದ್ದವರು, ಪೊರೆ ಆಪರೇಷನ್ ಆದವರದ್ದೂ ಆಗುತ್ತೆ. ಮುಂಚೆ ಫಾರಂ ತುಂಬಿರ್ಲೇಬೇಕು ಅಂತಿಲ್ಲ, ಮನೆಯವರು ಒಪ್ಪಿದ್ರೆ ಸಾಕು. 2006ರಲ್ಲಿ ಅಣ್ಣಾವ್ರ ಕಣ್ಣು, 2021ರಲ್ಲಿ ಅಪ್ಪು ಕಣ್ಣು ದಾನ ಆಗಿದ್ದನ್ನ ನೋಡಿದ ನಾಡು ನಮ್ದು. ಅಮ್ಮನ ಹತ್ರ ಈ ಮಾತು ತೆಗೆಯೋಕೆ ಅದೇ ಒಂದು ದಾರಿ ಆಗಬಹುದು.

ತಮ್ಮ ಬರೋ ತನಕ ಇಡ್ಬೇಕಾ? ಅಮೆರಿಕದಿಂದ ಟಿಕೆಟ್ ಸಿಕ್ಕಿ ಮನೆ ತಲುಪೋಷ್ಟರಲ್ಲಿ ಒಂದೂವರೆ ಎರಡು ದಿನ ಹಿಡಿಯುತ್ತೆ. ಫ್ರೀಜರ್ ಬಾಕ್ಸು ಬಾಡಿಗೆಗೆ ಸಿಗುತ್ತೆ, ಶವದ ವ್ಯಾನಿನವರೇ ತರಿಸ್ಕೊಡ್ತಾರೆ, ಅದಕ್ಕೆ ಸರಿಯಾದ ಪ್ಲಗ್ ಪಾಯಿಂಟು ಬೇಕು, ಕರೆಂಟ್ ಹೋದ್ರೆ ಏನು ಅಂತ ಮೊದ್ಲೇ ಕೇಳಿ. ಅದಕ್ಕಿಂತ ಜಾಸ್ತಿ ದಿನ ಅಂದ್ರೆ ಆಸ್ಪತ್ರೆ ಶವಾಗಾರವೇ ಸರಿ. ನನ್ನ ಅಭಿಪ್ರಾಯ ಕೇಳಿದ್ರೆ, ಕಾಯೋದೋ ಬೇಡ್ವೋ ಅನ್ನೋದನ್ನ ಅಮ್ಮ ಮತ್ತೆ ನೀವಿಬ್ರು ಮಕ್ಕಳು ಮಾತ್ರ ತೀರ್ಮಾನ ಮಾಡಿ, ಅವತ್ತು ಬಂದ ನೆಂಟರ ಪಂಚಾಯ್ತಿಗೆ ಬಿಡಬೇಡಿ, ಈಗ್ಲೇ ತಮ್ಮನ ಹತ್ರ ಒಂದು ಸಲ ಮಾತಾಡಿ. ಅಪ್ಪಂಗೆ ಪೇಸ್‌ಮೇಕರ್ ಇದ್ರೆ ಡಾಕ್ಟ್ರಿಗೆ ಹೇಳಿ ತೆಗೆಸ್ಲೇಬೇಕು, ಬೆಂಕೀಲಿ ಅದು ಸಿಡಿಯುತ್ತೆ.

ಬೆಂಗ್ಳೂರಲ್ಲೇ ಮಾಡೋದಾದ್ರೆ ವಿಲ್ಸನ್ ಗಾರ್ಡನ್, ಬನಶಂಕರಿ, ಹೆಬ್ಬಾಳ, ಹರಿಶ್ಚಂದ್ರ ಘಾಟ್, ಹೀಗೆ ವಿದ್ಯುತ್ ಚಿತಾಗಾರಗಳಿವೆ. ಡಾಕ್ಟರ್ ಕಾಗ್ದ, ಅಪ್ಪನ ಆಧಾರ್, ಮುಂದೆ ನಿಂತು ಮಾಡ್ಸೋರ ಆಧಾರ್, ಇವುಗಳ ಜೆರಾಕ್ಸ್ ಇಟ್ಕೊಂಡು, ಮನೆ ಬಿಡೋಕೆ ಮುಂಚೆನೇ ಟೈಮ್ ಗೊತ್ತು ಮಾಡ್ಕೊಂಡು ಹೊರಡಿ. ಅಲ್ಲಿ ಕೊಡೋ ರಸೀದಿ ಜೋಪಾನ. ಹೂಳೋ ಪದ್ಧತಿಯವರು ಲಿಂಗಾಯತರಾಗ್ಲಿ ಮುಸ್ಲಿಮರಾಗ್ಲಿ ಕ್ರೈಸ್ತರಾಗ್ಲಿ, ಮಠದವರು, ಮಸೀದಿ ಕಮಿಟಿ, ಚರ್ಚಿನವರು ಅರ್ಧಕ್ಕರ್ಧ ಹೊರೆ ಹೊತ್ಕೊಳ್ತಾರೆ, ಅವರಿಗೆ ಹೇಳಿದ್ರಾಯ್ತು.

ನೀವು ಮಂಡ್ಯ ಕಡೆಯವರು ಅಂದ್ರಿ, ಊರಲ್ಲೇ, ಪ್ರಾಯಶಃ ಸ್ವಂತ ಜಮೀನಲ್ಲೇ ಮಾಡ್ಬೇಕು ಅಂತ ದೊಡ್ಡವರು ಅಂತಾರೆ. ಮಾಡಿ, ದಾರೀಲಿ ಯಾರಾದ್ರೂ ಕೇಳಿದ್ರೆ ತೋರ್ಸೋಕೆ ಡಾಕ್ಟರ್ ಕಾಗ್ದ ವ್ಯಾನಲ್ಲೇ ಇರ್ಲಿ. ಆದ್ರೆ ಇಲ್ಲಿ ತುಂಬಾ ಜನ ಎಡವೋ ಜಾಗ ಒಂದಿದೆ. ಸಾವು ಎಲ್ಲಾಯ್ತೋ ಅಲ್ಲೇ ನೋಂದಣಿ, ಎಲ್ಲಿ ಸುಟ್ರೋ ಹೂತ್ರೋ ಅಲ್ಲಲ್ಲ. ಬೆಂಗ್ಳೂರ ಮನೇಲಿ ತೀರ್ಕೊಂಡ್ರೆ ಡೆತ್ ಸರ್ಟಿಫಿಕೇಟು ಬೆಂಗ್ಳೂರ ಪಾಲಿಕೆ ಕಡೆಯಿಂದ್ಲೇ ಬರ್ಬೇಕು, ಊರ ಪಂಚಾಯ್ತೀಲಿ ಕೂತು ಕೇಳಿದ್ರೆ ಕೊಡೋ ಹಾಗಿಲ್ಲ. ಜಮೀನಲ್ಲಿ ಮಾಡಿದ್ರೆ ಚಿತಾಗಾರದ ರಸೀದೀನೂ ಇರಲ್ಲ, ಹಾಗಾಗಿ ಡಾಕ್ಟರ್ ಕಾಗ್ದ ಇನ್ನೂ ಮುಖ್ಯ ಆಗುತ್ತೆ, ಜೊತೆಗೆ ಇಂಥ ದಿನ ಇಲ್ಲಿ ಅಂತ್ಯಕ್ರಿಯೆ ಆಯ್ತು ಅಂತ ಪಂಚಾಯ್ತಿಯಿಂದ ಒಂದು ಪತ್ರ ಬರೆಸ್ಕೊಂಡು ಬನ್ನಿ. ಹಾಲುತುಪ್ಪ, ಅಸ್ಥಿಗೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ, ಹನ್ನೊಂದರ ತಿಥಿ, ಇದನ್ನೆಲ್ಲ ನಿಮ್ಮ ದೊಡ್ಡಪ್ಪ ಚಿಕ್ಕಪ್ಪಂದಿರಿಗೆ ವಹಿಸಿ, ಅವರಿಗೆ ಗೊತ್ತಿರೋ ಕೆಲ್ಸ. ಕಾಗ್ದದ ಕೆಲ್ಸ ಮಾತ್ರ ನಿಮ್ಮ ಕೈಲೇ ಇರ್ಲಿ.

ಯಾಕಂದ್ರೆ ಅವತ್ತು ಸಾವಿನ ನೋಂದಣಿಗೆ ತುಂಬೋ ಫಾರಂ 2ರಲ್ಲಿ ಹೆಸರು ಬರೆಸೋರು ಯಾರೋ ಭಾವಮೈದ, ಪಕ್ಕದ ಮನೆ ಹುಡುಗ ಆಗಿರ್ತಾರೆ, ಪಾಪ ಸಹಾಯಕ್ಕೇ ಬಂದಿರ್ತಾರೆ, ಮನೇಲಿ ಕರೆಯೋ ಹೆಸರು ಹೇಳಿ ಬಂದುಬಿಡ್ತಾರೆ. ಆಧಾರಲ್ಲಿ ‘ಬಿ. ಕೃಷ್ಣೇಗೌಡ’, ಪಹಣೀಲಿ ‘ಕೃಷ್ಣಪ್ಪ ಬಿನ್ ಬೋರೇಗೌಡ’, ಡೆತ್ ಸರ್ಟಿಫಿಕೇಟಲ್ಲಿ ‘ಕಿಟ್ಟಪ್ಪ’ ಅಂತ ಆದ್ರೆ ಮೂವರೂ ಒಬ್ರೇ ಅಂತ ಸಾಬೀತು ಮಾಡೋಕೆ ವರ್ಷಗಟ್ಲೆ ಅಲೀಬೇಕಾಗುತ್ತೆ, ಬ್ಯಾಂಕಲ್ಲಿ ಒಂದು ಅಫಿಡವಿಟ್ಟು, ತಾಲ್ಲೂಕಾಫೀಸಲ್ಲಿ ಇನ್ನೊಂದು. ಅಪ್ಪನ ಹೆಸ್ರು, ಅವರಪ್ಪನ ಹೆಸ್ರು, ಅಮ್ಮನ ಹೆಸ್ರು, ವಿಳಾಸ, ಕನ್ನಡದಲ್ಲೂ ಇಂಗ್ಲಿಷಲ್ಲೂ ಆಧಾರಲ್ಲಿರೋ ಸ್ಪೆಲ್ಲಿಂಗೇ ಒಂದು ಚೀಟೀಲಿ ಬರೆದು ಫೋಟೋ ತೆಗೆದು ಮೊಬೈಲಲ್ಲಿ ಇಟ್ಕೊಳ್ಳಿ, ಯಾರೇ ಹೋದ್ರೂ ಅದನ್ನ ಕಳ್ಸಿ. ಪ್ರಿಂಟ್ ಆಗೋ ಮುಂಚೆ ಒಂದು ಸಲ ತೋರ್ಸಿ ಅಂತ ಕೇಳಿದ್ರೆ ತಪ್ಪೇನಿಲ್ಲ.

ಸಾವಿನ ನೋಂದಣಿಗೆ ಗಡುವು 21 ದಿನ. ಅಷ್ಟರೊಳಗೆ ತಿಳಿಸಿದ್ರೆ ದಂಡ ಇಲ್ಲ, ಮೊದಲ ಪ್ರತಿ ಫ್ರೀ. 30 ದಿನದ ತನಕ ಲೇಟ್ ಫೀ, ಅದು ದಾಟಿ ವರ್ಷದೊಳಗೆ ಆದ್ರೆ ಮೇಲಧಿಕಾರಿ ಅನುಮತಿ, ವರ್ಷ ದಾಟಿದ್ರೆ ಮ್ಯಾಜಿಸ್ಟ್ರೇಟ್ ಆದೇಶ. 2023ರ ಅಕ್ಟೋಬರ್‌ನಿಂದ ತಿದ್ದುಪಡಿ ಆಗಿ ಈ ಆದೇಶ ಕೊಡೋ ಅಧಿಕಾರ ಕೋರ್ಟಿನ ಬದ್ಲು ಡಿಸಿ, ಎಸಿ ಮಟ್ಟದ ಅಧಿಕಾರಿಗಳಿಗೆ ಬಂದಿದೆ. ಸರ್ಟಿಫಿಕೇಟು ಕೈಗೆ ಬಂದಾಗ ಎಂಟತ್ತು ಪ್ರತಿ ಮಾಡಿಸಿಡಿ, ಎಲ್ಲಾ ಕಡೆ ಒಂದೊಂದು ಕೇಳ್ತಾರೆ.

ತಿಥಿ ಆದ್ಮೇಲಿನ ಕೆಲ್ಸದಲ್ಲಿ ಎರಡು ಮೂರು ಮಾತು ಮಾತ್ರ ಹೇಳ್ತೀನಿ. ಅಪ್ಪನ ಎಟಿಎಂ ಕಾರ್ಡಿಂದ ಆಮೇಲೆ ದುಡ್ಡು ತೆಗೀಬೇಡಿ, ಪಿನ್ ಗೊತ್ತಿದ್ರೂ ಬೇಡ, ನಾಳೆ ಅಣ್ಣತಮ್ಮಂದಿರ ಮಧ್ಯೆ ಜಗಳಕ್ಕೆ ಅದೇ ಕಾರಣ ಆಗುತ್ತೆ. ಪೆನ್ಷನ್ ಬರ್ತಿದ್ರೆ ಬೇಗ ತಿಳ್ಸಿ, ಹೆಚ್ಚಿಗೆ ಬಂದಿದ್ದನ್ನ ವಾಪಸ್ ತಗೋತಾರೆ. ಫೋನ್ ನಂಬರ್ ಮಾತ್ರ ಕಟ್ ಮಾಡಿಸ್ಬೇಡಿ, ರೀಚಾರ್ಜ್ ಮಾಡ್ತಾ ಇರಿ, ಗ್ಯಾಸು, ಕರೆಂಟ್ ಬಿಲ್ಲು, ಇನ್ಶೂರೆನ್ಸು ಎಲ್ಲದರ ಓಟಿಪಿ, ಮೆಸೇಜು ಅದೇ ನಂಬರಿಗೆ ಬರ್ತಿರುತ್ತೆ. ಪಾಸ್‌ಬುಕ್ಕಲ್ಲಿ ವರ್ಷಕ್ಕೊಂದ್ಸಲ 20 ರೂಪಾಯೋ 436 ರೂಪಾಯೋ ಕಟ್ಟಾಗಿದ್ಯಾ ನೋಡಿ, ಅದು ಪ್ರಧಾನಮಂತ್ರಿ ಹೆಸರಿನ ವಿಮೆ, ಎರಡರದ್ದೂ 2 ಲಕ್ಷದ್ದು. 20ರದ್ದು ಅಪಘಾತಕ್ಕೆ ಮಾತ್ರ, 70 ವರ್ಷದ ತನಕ. 436ರದ್ದು ಹೇಗೇ ತೀರ್ಕೊಂಡ್ರೂ, ಆದ್ರೆ 55ರ ತನಕ ಅಷ್ಟೇ. ನಿಮ್ಮಪ್ಪಂಗೆ ಎರಡೂ ವಯಸ್ಸು ದಾಟಿದೆ, ಆದ್ರೆ ಚಿಕ್ಕ ವಯಸ್ಸಲ್ಲಿ ಗಂಡನ್ನ ಕಳ್ಕೊಂಡ ಎಷ್ಟೋ ಹೆಣ್ಮಕ್ಳಿಗೆ ಇದಿದೆ ಅಂತಾನೇ ಗೊತ್ತಿರಲ್ಲ, ಅದಕ್ಕೇ ಬರೀತಿದೀನಿ. ಬ್ಯಾಂಕ್ ಅಕೌಂಟಿಗೆ ನಾಮಿನಿ ಅಂದ್ರೆ ದುಡ್ಡು ಈಸ್ಕೊಳ್ಳೋರು ಅಷ್ಟೇ, ಪಾಲು ಎಲ್ಲ ವಾರಸುದಾರರಿಗೂ ಇರುತ್ತೆ, ಇದನ್ನ ಮನೇಲಿ ಎಲ್ರಿಗೂ ಮೊದ್ಲೇ ಹೇಳಿಡಿ.

ಊರ ಜಮೀನಿಗೆ ನಾಡಕಚೇರೀಲಿ ವಂಶವೃಕ್ಷ ತಗೊಂಡು ಪೌತಿ ಖಾತೆಗೆ (ತೀರ್ಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಜಮೀನು ಬದಲಾಯಿಸೋದು) ಅರ್ಜಿ ಹಾಕಿ, ತಮ್ಮ ಇಲ್ಲಿರೋವಾಗ್ಲೇ ಅವನ ಸಹಿ, ದಾಖಲೆ ಎಲ್ಲ ಮುಗಿಸ್ಕೊಳ್ಳಿ. ತಾತನ ಹೆಸರಲ್ಲೇ ಉಳಿದ ಪಹಣಿಗಳು ಹಳ್ಳಿ ಹಳ್ಳೀಲಿವೆ, ತಲೆಮಾರು ದಾಟಿದಷ್ಟೂ ಸಹಿ ಹಾಕ್ಬೇಕಾದವರು ಹೆಚ್ತಾ ಹೋಗ್ತಾರೆ.

ಈಗ, ಅಪ್ಪ ಇರೋವಾಗ್ಲೇ, ಒಂದು ಕೆಲ್ಸ ಮಾಡಿ. ಅಮ್ಮನ ಹೆಸರಲ್ಲಿ ಸ್ವಂತ ಅಕೌಂಟ್ ಇದ್ಯಾ, ಅದ್ರಲ್ಲಿ ಮೂರ್ನಾಲ್ಕು ತಿಂಗಳ ಖರ್ಚಿಗೆ ಆಗೋಷ್ಟು ದುಡ್ಡಿದ್ಯಾ ನೋಡಿ. ಅಪ್ಪನ ಅಕೌಂಟಿಗೆ ಅಮ್ಮನ ಹೆಸ್ರು ಸೇರ್ಸಿ ‘ಐದರ್ ಆರ್ ಸರ್ವೈವರ್’ (ಇಬ್ರಲ್ಲಿ ಯಾರಾದ್ರೂ, ಒಬ್ರು ಹೋದ್ರೆ ಉಳಿದವರು ನಡೆಸೋ ಜಂಟಿ ಅಕೌಂಟು) ಮಾಡಿಸ್ಬೇಕು ಅಂದ್ರೆ ಅಪ್ಪನ ಸಹಿ ಬೇಕು, ಹಾಸಿಗೆ ಹಿಡಿದವರು ಅಂತ ಬ್ರಾಂಚಲ್ಲಿ ಹೇಳಿದ್ರೆ ಮನೆಗೇ ಬಂದು ಸಹಿನೋ ಹೆಬ್ಬೆಟ್ಟೋ ಹಾಕಿಸ್ಕೊಳ್ತಾರೆ. ಫ್ಯಾಮಿಲಿ ಪೆನ್ಷನ್ ಶುರುವಾಗೋಕೆ ತಿಂಗಳುಗಳು ಹಿಡಿದ್ರೂ ಅಷ್ಟರವರೆಗೆ ಅಮ್ಮ ಔಷಧಿಗೆ, ತರಕಾರಿಗೆ ಯಾರ ಹತ್ರಾನೂ ಕೈ ಚಾಚೋ ಹಾಗಾಗ್ಬಾರ್ದು.